ಅಪ್ಪ ಹೋದ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿಲ್ಲ, ದುಃಖ ಇರಬಹುದಾ?

ಹಿತ್ತಲಬಾಗಿಲು:
ಅಪ್ಪ ತೀರಿಕೊಂಡು ಎರಡು ತಿಂಗಳಾಯ್ತು. 22 ವರ್ಷ ಮಿಲಿಟರಿಯಲ್ಲಿದ್ದವರು, ರಿಟೈರ್ ಆದ ಮೇಲೆ ಹಿತ್ತಲಲ್ಲಿ ಕೋಳಿ ಸಾಕಿಕೊಂಡು ಇದ್ದರು. ಈಗ 9 ಹೇಂಟೆ, ಒಂದು ಹುಂಜ ನನ್ನ ಪಾಲಿಗೆ ಬಂದಿವೆ. ಕಾಳು ಹಾಕೋದು, ನೀರಿಡೋದು ಬಿಟ್ಟರೆ ನನಗೇನೂ ಗೊತ್ತಿಲ್ಲ. ದಿನಕ್ಕೆ ಆರು ಮೊಟ್ಟೆ ಸಿಗುತ್ತಿತ್ತು, ಈಗ ಒಂದು ಸಿಕ್ಕರೆ ಹೆಚ್ಚು. ಎರಡರ ಜುಟ್ಟು ಬಿಳಿಚಿಕೊಂಡಿದೆ. ಇನ್ನೊಂದು ವಿಚಿತ್ರ, ಕತ್ತಲಾದರೂ ಗೂಡಿನೊಳಗೆ ಹೋಗೋದಿಲ್ಲ, ಹೋಗಿ ಗೂಡಿನ ಮೇಲೆ ಕೂರುತ್ತವೆ.

ಅಪ್ಪನಿಗೆ ಎಲ್ಲಕ್ಕೂ ಒಂದು ಟೈಮು. ಬೆಳಿಗ್ಗೆ ಐದೂವರೆಗೆ ಚಿಲಕ ತೆಗೆಯೋದು, ಸಂಜೆ ಬೆರಳು ಮಾಡಿ ಎಣಿಸೋದು. ಭಾನುವಾರ ರಾತ್ರಿ ಮಾತ್ರ ಟಾರ್ಚ್ ಹಿಡಿದು ಗೂಡಿಗೆ ಹೋಗಿ, ಕೋಳಿಗಳು ಕೂರುವ ಕೋಲಿನ ಅಡಿಗೆ ಬಿಳಿ ಬಟ್ಟೆ ಸವರಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕೋಳಿಗೂ ಇನ್‌ಸ್ಪೆಕ್ಷನ್ನಾ ಅಂತ ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು, ಯಾಕೆ ಅಂತ ಯಾವತ್ತೂ ಹೇಳಲಿಲ್ಲ. ಅಮ್ಮನಂತೂ, ಅವು ಅವರನ್ನೇ ಹುಡುಕುತ್ತಿವೆ ಅನ್ನುತ್ತಾರೆ.

ಬೂದುಹೇಂಟೆ:
ದಿನಾ ನೋಡುವ ಮುಖ ಕೋಳಿಗೆ ಚೆನ್ನಾಗಿ ಗೊತ್ತಿರುತ್ತೆ. ಹೊತ್ತು ತಪ್ಪಿದರೆ, ಆಳು ಬದಲಾದರೆ ನಾಲ್ಕು ದಿನ ಮೊಟ್ಟೆ ಕಮ್ಮಿ ಆಗೋದು ಉಂಟು. ಆದರೆ ಎರಡು ತಿಂಗಳು ಜಾಸ್ತಿ ಆಯ್ತು. ಗರಿ ಉದುರುತ್ತಿದೆಯಾ ನೋಡಿ. ಹಗಲು ಚಿಕ್ಕದಾಗುವ ಕಾಲದಲ್ಲಿ ಹಳೇ ಗರಿ ಉದುರಿಸಿ ಹೊಸದು ಹಾಕಿಕೊಳ್ಳುತ್ತವೆ, ಗರಿ ಬಹುಪಾಲು ಪ್ರೋಟೀನ್ ಅಲ್ವಾ, ಮೈಯ ಶಕ್ತಿಯೆಲ್ಲ ಅಲ್ಲಿಗೇ ಹೋಗುತ್ತೆ, ಎರಡು ಮೂರು ತಿಂಗಳು ಮೊಟ್ಟೆ ಬಂದ್. ಚೆನ್ನಾಗಿ ಇಡಬೇಕಾದರೆ ದಿನಕ್ಕೆ 14ರಿಂದ 16 ಗಂಟೆ ಬೆಳಕೂ ಬೇಕು. ಯಾವುದಾದರೂ ಕಾವು ಕೂತಿದ್ದರೂ ಇಡೋದಿಲ್ಲ.

ಹಿತ್ತಲಬಾಗಿಲು:
ಗರಿ ಸರಿಯಾಗೇ ಇದೆ ಅಣ್ಣ. ಕಾವಿಗೂ ಯಾವುದೂ ಕೂತಿಲ್ಲ.

ಸಿಪಾಯಿ ಮಗಳು:
ಕೋಳಿ ವಿಷಯ ನನಗೆ ಅಷ್ಟಕ್ಕಷ್ಟೆ, ಆದರೆ ಓದಿ ಸುಮ್ನೆ ಇರೋಕಾಗಲಿಲ್ಲ. ನಮ್ಮಪ್ಪನೂ ಸೈನ್ಯದಲ್ಲಿದ್ದವರು. ಯುದ್ಧದ ಮಾತು ಕೇಳಿದರೆ ಎದ್ದು ಕೋಳಿಗೂಡಿನ ಕಡೆ ಹೋಗಿಬಿಡುತ್ತಿದ್ದರು. ಜೋರು ಗುಡುಗಿದ ರಾತ್ರಿ, ಕೋಳಿಗಳು ಹೆದರಿರುತ್ತವೆ ಅಂತ ಸ್ಟೂಲ್ ಎತ್ತಿಕೊಂಡು ಗೂಡಿನ ಹತ್ತಿರ ಹೋಗಿ ಕೂರುತ್ತಿದ್ದರು. ಒಂದು ಸಲ ಕಾಫಿ ಕೊಡೋಕೆ ಹೋದೆ. ಕೋಳಿಗಳೆಲ್ಲ ನಿದ್ದೆ ಮಾಡುತ್ತಿದ್ದವು. ಲೋಟ ಇಸಿದುಕೊಂಡು, ಸದ್ದು ಮಾಡಬೇಡ ಅಂತ ಬಾಯಿ ಮೇಲೆ ಬೆರಳಿಟ್ಟರು.

ಒರಟು ಹುಂಜ:
ದುಃಖ ಗಿಖ ಪಕ್ಕಕ್ಕಿಡಿ. ಉತ್ತರ ನೀವೇ ಬರೆದಿದ್ದೀರಿ. ಬಿಳಿಚಿದ ಜುಟ್ಟು, ಗೂಡಿಗೆ ಹೋಗೋಕೆ ಹಿಂಜರಿಕೆ, ಮೊಟ್ಟೆ ಇಲ್ಲ: ಇದು ಕೆಂಪು ನುಸಿ ಅನ್ನಿಸುತ್ತೆ. ಒಂದು ಮಿಲಿಮೀಟರ್ ಕೂಡ ಇರೋದಿಲ್ಲ. ಹಗಲೆಲ್ಲ ಕೋಲಿನ ಅಡಿ, ಹಲಗೆ ಸಂದಿಯಲ್ಲಿ ಅಡಗಿರುತ್ತೆ, ರಾತ್ರಿ ಬಂದು ರಕ್ತ ಹೀರುತ್ತೆ. ಅದಕ್ಕೇ ಹಗಲು ಕೋಳಿ ಮೈ ಹುಡುಕಿದರೆ ಏನೂ ಸಿಗೋದಿಲ್ಲ. ಹಸಿದಾಗ ಬೂದು ಬಣ್ಣ, ಕುಡಿದ ಮೇಲೆ ಕೆಂಪು. ನಿಮ್ಮಪ್ಪ ಬಿಳಿ ಬಟ್ಟೆ ಸವರುತ್ತಿದ್ದರಲ್ಲ, ಅದು ಮಿಲಿಟರಿ ಚಟ ಅಲ್ಲ, ನುಸಿ ಹುಡುಕೋ ಸರಿಯಾದ ದಾರಿ. ಇವತ್ತು ರಾತ್ರಿ ನೀವೂ ಸವರಿ ನೋಡಿ.

ಹಿತ್ತಲಬಾಗಿಲು:
ಈಗ ತಾನೇ ಗೂಡಿನಿಂದ ಬಂದೆ. ಬಟ್ಟೆ ತುಂಬ ಕೆಂಪು ಗೀರು. ಟಾರ್ಚ್ ಬಿಟ್ಟರೆ ಕೋಲಿನ ತುದಿ ಗೋಡೆಗೆ ಸೇರುವ ಕಡೆ ರಾಗಿ ಚೆಲ್ಲಿದ ಹಾಗೆ ಕಂಡಿತು, ನೋಡುತ್ತಾ ಇದ್ದರೆ ಹರಿದಾಡುತ್ತಿದೆ. ಕೈಗೆಲ್ಲ ಹತ್ತಿ ಇನ್ನೂ ಕಡಿತ. ಇದಕ್ಕೇನು ಮಾಡೋದು?

ಒರಟು ಹುಂಜ:
ಬೆಳಿಗ್ಗೆ ಗೂಡು ಖಾಲಿ ಮಾಡಿ. ಹಾಸಿದ ಹುಲ್ಲು ಸುಟ್ಟುಹಾಕಿ. ಕೋಲು ಬಿಚ್ಚಿ, ಸಂದಿಗೆಲ್ಲ ಕುದಿಯೋ ನೀರು ಸುರಿದು, ಬ್ರಷ್‌ನಲ್ಲಿ ಉಜ್ಜಿ, ಬಿಸಿಲಿಗೆ ಒಣಗಿಸಿ. ಒಂದು ಸಲಕ್ಕೆ ಮುಗಿಯಿತು ಅಂದುಕೊಳ್ಳಬೇಡಿ, ಉಳಿದ ತತ್ತಿ ಒಡೆದು ವಾರದಲ್ಲಿ ಹೊಸ ಸಂಸಾರ ಶುರುವಾಗುತ್ತೆ. ವಾರ ಬಿಟ್ಟು ಮತ್ತೆ, ಇನ್ನೊಂದು ವಾರಕ್ಕೆ ಮತ್ತೆ. ಗೂಡು ಖಾಲಿ ಬಿಟ್ಟರೆ ಸಾಯುತ್ತೆ ಅನ್ನೋದೂ ಸುಳ್ಳು, ಊಟ ಇಲ್ಲದೆ ತಿಂಗಳುಗಟ್ಟಲೆ ಇರುತ್ತೆ. ಜುಟ್ಟು ತೀರಾ ಬಿಳಿಚಿದ್ದನ್ನು ಪಶುವೈದ್ಯರಿಗೆ ತೋರಿಸಿ. ಔಷಧಿಯನ್ನೂ ಅವರನ್ನೇ ಕೇಳಿ ಹಾಕಿ, ಮೊಟ್ಟೆ ತಿನ್ನುವವರು ನೀವೇ ತಾನೆ.

ಹಿತ್ತಲಬಾಗಿಲು:
ಮೂರನೇ ಸಲ ತೊಳೆದಾಯ್ತು. ಜುಟ್ಟಿಗೆ ಸ್ವಲ್ಪ ಬಣ್ಣ ಬಂದಿದೆ. ಮೊಟ್ಟೆ ನಿನ್ನೆ ಎರಡು. ರಾತ್ರಿ ಎಣಿಸಿದೆ, ಎಂಟು ಒಳಗೆ, ಎರಡು ಇನ್ನೂ ಮೇಲೇ. ಅವನ್ನು ಎತ್ತಿ ಒಳಗಿಟ್ಟೆ, ಕತ್ತಲಲ್ಲಿ ಅವಕ್ಕೆ ಕಣ್ಣು ಕಾಣೋದು ಅಷ್ಟಕ್ಕಷ್ಟೆ, ಗಲಾಟೆ ಮಾಡಲಿಲ್ಲ. ಅಮ್ಮ ಅಪ್ಪನ ಹಳೇ ಬನಿಯನ್ ಹರಿದು ಆರು ತುಂಡು ಮಾಡಿ, ಟಾರ್ಚ್ ಪಕ್ಕ ಮಡಚಿ ಇಟ್ಟಿದ್ದಾರೆ.