ಮನೆಯಲ್ಲೇ ಮೈಕ್ರೋಸ್ಕೋಪ್ ಸ್ಲೈಡ್ ಮಾಡಿ ನೋಡುವ ಆಸೆ, ಎಲ್ಲಿಂದ ಶುರು ಮಾಡಲಿ?

ಕೇಳಿದವರು (ತುಮಕೂರು, ಬ್ಯಾಂಕ್ ಕೆಲಸ):
ಪಿಯುಸಿಯಲ್ಲಿ ಬಯಾಲಜಿ ಇತ್ತು, ಆಮೇಲೆ ಕಾಮರ್ಸ್‌ಗೆ ಬಂದೆ. ಈಗ ಮೈಕ್ರೋಸ್ಕೋಪ್ ತಗೊಂಡು ಗಿಡ, ಮಾಂಸ ಎಲ್ಲದರ ಅಂಗಾಂಶ ನೋಡಬೇಕು ಅನ್ನಿಸಿದೆ. ತೆಳ್ಳಗೆ ಕೊಯ್ಯುವ ಯಂತ್ರ, ಮೈಕ್ರೋಟೋಮ್, ಬೇಕೇ ಬೇಕಾ? ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ಎಲ್ಲಿ ಸಿಗುತ್ತದೆ? ಮನೆಯಲ್ಲಿ ಚಿಕ್ಕ ಮಗು ಇದೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ನಿವೃತ್ತ ಬಾಟನಿ ಮೇಷ್ಟ್ರು:
ಮೈಕ್ರೋಟೋಮ್ ಬೇಡವೇ ಬೇಡ. ಹೊಸ ಶೇವಿಂಗ್ ಬ್ಲೇಡ್ ಮತ್ತು ಒಂದು ಕ್ಯಾರೆಟ್ ಸಾಕು. ಮೊದಲು ಕುಂಬಳ ಬಳ್ಳಿಯ ಎಳೆ ಕಾಂಡ ಹಿಡಿಯಿರಿ, ಅದರ ನೀರಿನ ಕೊಳವೆಗಳು ದೊಡ್ಡವು. ಎಲೆಯಾದರೆ ಕ್ಯಾರೆಟ್ ಸೀಳಿ ಮಧ್ಯೆ ಸಿಕ್ಕಿಸಿಕೊಂಡು ಕೊಯ್ಯಬೇಕು. ಬ್ಲೇಡೂ ಕಾಂಡವೂ ಒದ್ದೆಯಾಗಿರಲಿ. ಒತ್ತಬೇಡಿ, ಓರೆಯಾಗಿ ನಿಮ್ಮ ಕಡೆಗೆ ಒಂದೇ ಎಳೆತಕ್ಕೆ ಎಳೆಯಿರಿ. ಚೂರುಗಳನ್ನು ತಟ್ಟೆಯ ನೀರಿಗೆ ಬಿಡುತ್ತಾ ಹೋಗಿ. ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗಿರುವುದನ್ನು ಬ್ರಷ್‌ನಿಂದ ಎತ್ತಿಕೊಳ್ಳಿ. ಪೂರ್ತಿ ದುಂಡಗೆ ಬರಲಿಲ್ಲ ಅಂತ ಬೇಜಾರು ಬೇಡ. ಒಂದು ಅಂಚು ತೆಳ್ಳಗಿದ್ದರೆ ಅಲ್ಲೇ ಎಲ್ಲ ಕಾಣುತ್ತದೆ. ಸಫ್ರಾನಿನ್ ಅನ್ನುವ ಕೆಂಪು ಬಣ್ಣದಲ್ಲಿ ಒಂದೆರಡು ನಿಮಿಷ ಇಟ್ಟು, ನೀರಲ್ಲಿ ತೊಳೆದು, ಸ್ಲೈಡ್ ಮೇಲಿಟ್ಟು ಒಂದು ಹನಿ ಗ್ಲಿಸರಿನ್ ಹಾಕಿ, ಮೇಲೆ ಮುಚ್ಚುವ ತೆಳು ಗಾಜು, ಕವರ್‌ಸ್ಲಿಪ್, ಒಂದು ಬದಿಯಿಂದ ಮೆಲ್ಲಗೆ ಇಳಿಸಿ. ನೇರವಾಗಿ ಇಟ್ಟರೆ ಗುಳ್ಳೆ ಗ್ಯಾರಂಟಿ. ಕೊಳವೆಗಳ ಗೋಡೆ ಕೆಂಪಗೆ ಎದ್ದು ಕಾಣುತ್ತದೆ, ಅಲ್ಲಿ ಗೋಡೆ ಗಟ್ಟಿ ಮಾಡುವ ಲಿಗ್ನಿನ್ ಇದೆ.

ಹವ್ಯಾಸಿ ಅಂತ ಸಂಕೋಚ ಯಾಕೆ? ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1674ರಲ್ಲಿ ಕಾರ್ಕ್, ಹಸುವಿನ ಕಣ್ಣಿನ ನರ ಇವನ್ನೆಲ್ಲ ಕೈಯಲ್ಲೇ ಕೊಯ್ದು ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಗೆ ಕಳಿಸಿದ್ದ. ಆ ಚೂರುಗಳು 1981ರಲ್ಲಿ ಅಲ್ಲಿನ ಹಳೇ ಕಾಗದಗಳ ನಡುವೆ ಸಿಕ್ಕವು!

ಪೆಥಾಲಜಿ ಲ್ಯಾಬ್ ಟೆಕ್ನಿಷಿಯನ್, ಹುಬ್ಬಳ್ಳಿ:
ಫಾರ್ಮಲಿನ್ ಮನೆಗೆ ತರಲೇಬೇಡಿ ಮೇಡಂ. ಕಣ್ಣು, ಮೂಗು ಉರಿಯುವುದು ಒಂದು ಕಡೆ, ಅದು ಕ್ಯಾನ್ಸರ್ ತರುವ ವಸ್ತು ಅಂತ ಖಚಿತವಾಗಿದೆ. ಅದರಲ್ಲಿ ಇಟ್ಟ ಮಾಂಸವನ್ನು ಆಮೇಲೆ ಆಲ್ಕೋಹಾಲ್, ಝೈಲೀನ್ ಅನ್ನುವ ದ್ರಾವಕ, ಕರಗಿದ ಮೇಣದಲ್ಲಿ ಅದ್ದಬೇಕು, ಅದಾದ ಮೇಲೆ ನಾಲ್ಕೈದು ಮೈಕ್ರಾನ್‌ಗೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಕೊಯ್ಯುವುದು. ಮಗು ಓಡಾಡುವ ಮನೆಯಲ್ಲಿ ಈ ಹೊಗೆ ಬೇಕಾ? ಲಿವರ್, ಕಿಡ್ನಿ ನೋಡಬೇಕಿದ್ದರೆ ಕಾಲೇಜುಗಳು ತರಿಸುವ ರೆಡಿ ಸ್ಲೈಡ್ ಸೆಟ್ ಕೊಳ್ಳಿ.

ಮಾಂಸ ನೋಡಲೇಬೇಕು ಅಂದರೆ ಹಸಿ ಮಟನ್‌ನ ಒಂದು ಎಳೆ ತಗೊಂಡು, ಉಪ್ಪುನೀರಿನ ಹನಿಯಲ್ಲಿ ಎರಡು ಸೂಜಿಯಿಂದ ಬಿಡಿಸಿ. ಕೂದಲಿಗಿಂತ ತೆಳ್ಳಗಾಗಬೇಕು. ಮೀನು ಸಾಕುವವರ ಅಂಗಡಿಯಲ್ಲಿ ಸಿಗುವ ಮಿಥಿಲೀನ್ ಬ್ಲೂ ಬಣ್ಣ ಒಂದು ಹನಿ ಹಾಕಿ. 40ಎಕ್ಸ್ ಲೆನ್ಸ್‌ನಲ್ಲಿ ಅಡ್ಡ ಪಟ್ಟೆಗಳು ಸಾಲುಸಾಲಾಗಿ ಕಾಣುತ್ತವೆ. ಸೂಜಿ, ತಟ್ಟೆ ಮಾತ್ರ ಅಡುಗೆಮನೆಗೆ ವಾಪಸ್ ಹೋಗಬಾರದು.

ಕುಂದಾಪುರದ ಗೃಹಿಣಿ:
ಪತ್ರೊಡೆಗೆ ಕೆಸು ತಂದ ದಿನ ದಂಟಿನ ಒಂದು ತುಂಡು ಎತ್ತಿಡಿ. ಜಜ್ಜಿ ಒಂದು ಹನಿ ರಸ ಸ್ಲೈಡ್ ಮೇಲೆ ಬಿಟ್ಟರೆ ಸಾಕು, ಬಣ್ಣವೂ ಬೇಡ. ಕಟ್ಟು ಕಟ್ಟಾಗಿ ಸೂಜಿಗಳು, ಕೆಲವು ಚೆಲ್ಲಾಪಿಲ್ಲಿ. ಬಾಯಿ ತುರಿಸುವುದು ಇವುಗಳಿಂದಲೇ, ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೋಲರೈಸರ್ ಹಾಳೆ ಎರಡು ತುಂಡು ಸಿಕ್ಕರೆ ಒಂದನ್ನು ದೀಪದ ಮೇಲೆ, ಇನ್ನೊಂದನ್ನು ಕಣ್ಣಿಟ್ಟು ನೋಡುವ ಲೆನ್ಸ್ ಮೇಲೆ ಇಟ್ಟು ತಿರುಗಿಸಿ. ಒಂದು ಹಂತದಲ್ಲಿ ಹಿನ್ನೆಲೆ ಕಪ್ಪಾಗಿ ಸೂಜಿಗಳು ಮಾತ್ರ ಹೊಳೆಯುತ್ತವೆ. ನಮ್ಮ ಅತ್ತೆ ನೋಡಿ, "ಇಷ್ಟು ಮುಳ್ಳು ತಿಂತಿದ್ವಾ!" ಅಂದರು. ಆಲೂಗಡ್ಡೆ ಹೆರೆದು ಹೀಗೇ ನೋಡಿ, ಒಂದೊಂದು ಪಿಷ್ಟದ ಕಾಳಿನಲ್ಲೂ ಕಪ್ಪು ಶಿಲುಬೆ ಕಾಣುತ್ತದೆ.

ಬೆಂಗಳೂರಿನ ಇನ್ನೊಬ್ಬ ಹವ್ಯಾಸಿ:
2000ಎಕ್ಸ್ ಅಂತ ಡಬ್ಬದ ಮೇಲೆ ಬರೆದ ಪ್ಲಾಸ್ಟಿಕ್ ಆಟಿಕೆ ತಗೋಬೇಡಿ. ಕಾಲೇಜು ಮಾದರಿಯದು, 4, 10, 40ರ ಲೆನ್ಸ್, ಬೆಳಕು ಒಟ್ಟುಗೂಡಿಸುವ ಕಂಡೆನ್ಸರ್, ಅದರ ಕೆಳಗೆ ಬೆಳಕು ತಗ್ಗಿಸುವ ಐರಿಸ್ ಇರಬೇಕು. ಬಣ್ಣ ಹಾಕದ ಸ್ಲೈಡ್ ಮಸುಕಾಗಿದ್ದರೆ ಲೆನ್ಸ್ ಬೈಯುವ ಮೊದಲು ಐರಿಸ್ ಸ್ವಲ್ಪ ಮುಚ್ಚಿ. ಅಷ್ಟು ದುಡ್ಡು ಈಗಲೇ ಬೇಡ ಅಂದರೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ತಂಡದ ಕಾಗದದ ಮೈಕ್ರೋಸ್ಕೋಪ್ ಫೋಲ್ಡ್‌ಸ್ಕೋಪ್ ಇದೆ, ಸುಮಾರು 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಲೆನ್ಸ್‌ಗೆ ಟಾರ್ಚ್ ಹಿಡಿದು ನೋಡಿ. ಒಳಗೆ ಬಲೆಯಂಥ ಗೆರೆ ಇದ್ದರೆ ಬೂಷ್ಟು ಹಿಡಿದಿದೆ, ಬಿಟ್ಟುಬಿಡಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಕುಂಬಳ ಬಳ್ಳಿ ಹಿತ್ತಲಲ್ಲೇ ಇದೆ. ಸಫ್ರಾನಿನ್ ಬಟ್ಟೆಗೆ ಬಿದ್ದರೆ ಹೋಗುತ್ತದಾ?

ಬಾಟನಿ ಮೇಷ್ಟ್ರು:
ಹೋಗುವುದಿಲ್ಲಮ್ಮ. ಹಳೇ ನೈಟಿ ಹಾಕಿಕೊಂಡು ಕೂತ್ಕೊಳ್ಳಿ.