ಸಹಾಯ ಬೇಕು: ಬೆಂಚಿನ ಮೇಲ್ಹಲಗೆ ಅಂಟಿಸುವಾಗ ಪಟ್ಟಿಗಳು ಜಾರುತ್ತಿವೆ

ಮರಗೆಲಸಕ್ಕೆ ಅಂತ ಒಂದು ಬೆಂಚ್ ಮಾಡುತ್ತಿದ್ದೇನೆ. ಮೇಲ್ಹಲಗೆಗೆ 14 ಪಟ್ಟಿಗಳನ್ನು ಪಕ್ಕಪಕ್ಕ ನಿಲ್ಲಿಸಿ ಅಂಟಿಸಬೇಕು. ಒಂದೊಂದೂ 40 ಮಿ.ಮೀ. ಅಗಲ, 80 ಮಿ.ಮೀ. ಎತ್ತರ, 1.8 ಮೀಟರ್ ಉದ್ದ.

ಮೊನ್ನೆ ಮೊದಲ ನಾಲ್ಕನ್ನು ಅಂಟಿಸಿದೆ. ಬಿಳಿ ಅಂಟು ಬಳಿದು ಕ್ಲಾಂಪ್ ಬಿಗಿ ಮಾಡುತ್ತಿದ್ದ ಹಾಗೇ ಎರಡನೇ ಪಟ್ಟಿ ಒದ್ದೆ ಸೋಪಿನ ಥರ ಮೇಲಕ್ಕೆ ಜಾರಿತು. ಸುತ್ತಿಗೆಯಿಂದ ತಟ್ಟಿ ಕೂರಿಸುವಷ್ಟರಲ್ಲಿ ಅಂಟು ಹಿಡಿದೇ ಬಿಟ್ಟಿತ್ತು. ಈಗ ಅಲ್ಲಿ 3 ಮಿ.ಮೀ. ಮೆಟ್ಟಿಲು! ಉಜ್ಜುಗೊರಡಿನಲ್ಲಿ ಇಳಿಸೋಣ ಅಂದರೆ ಆ ಪಟ್ಟಿಯ ಎಳೆ ಉಳಿದವಕ್ಕೆ ಉಲ್ಟಾ. ಒಂದು ಕಡೆಯಿಂದ ಉಜ್ಜಿದರೆ ಅದು ನುಣುಪಾಗುತ್ತೆ, ಪಕ್ಕದ್ದು ಕಿತ್ತು ಬರುತ್ತೆ. ಅಂಟಿಸುವ ಮುಂಚೆ ಎಳೆಯ ದಿಕ್ಕಿಗೆ ಪೆನ್ಸಿಲ್‌ನಲ್ಲಿ ಬಾಣದ ಗುರುತು ಹಾಕಬೇಕಿತ್ತು. ಗಡಿಬಿಡಿ ಮಾಡಿಕೊಂಡೆ, ಸುಮ್ನೆ ಅಂಟನ್ನು ಬೈದು ಏನು ಪ್ರಯೋಜನ.

ಉಳಿದ ಹತ್ತನ್ನು ಒಟ್ಟಿಗೆ ಅಂಟಿಸುವ ಧೈರ್ಯ ಇಲ್ಲ. ಮೂರು, ಮೂರು, ನಾಲ್ಕು ಅಂತ ಕಟ್ಟು ಮಾಡಿ, ಒಂದೊಂದನ್ನೂ ಮಟ್ಟ ಮಾಡಿ, ಆಮೇಲೆ ಸೇರಿಸೋಣ ಅಂತಿದ್ದೇನೆ. ಜಾರದಂತೆ ಒಳಗೆ ಮರದ ಗೂಟ ಹಾಕಬೇಕಾ, ಅಥವಾ ಮೇಲೆ ಕೆಳಗೆ ಅಡ್ಡಪಟ್ಟಿ ಇಟ್ಟು ಕ್ಲಾಂಪ್ ಹಾಕಿದರೆ ಸಾಕಾ? ಅಡ್ಡಪಟ್ಟಿಯೇ ಅಂಟಿಕೊಳ್ಳದಿರಲಿ ಅಂತ ಪ್ಯಾಕಿಂಗ್ ಟೇಪ್ ಸುತ್ತಿಟ್ಟಿದ್ದೇನೆ.

ಇನ್ನೊಂದು. ಹವೆ ಬದಲಾದಾಗ ಮರ ಅಗಲದಲ್ಲಿ ಹಿಗ್ಗಿ ಕುಗ್ಗುತ್ತೆ ಅಲ್ವಾ? ಮುಂದಿನ ಕಾಲುಗಳಿಗೆ ಬಿಗಿಯಾಗಿ ಬೋಲ್ಟ್ ಹಾಕಿ, ಹಿಂದಿನವಕ್ಕೆ ಮಾತ್ರ ಉದ್ದ ತೂತು ಬಿಟ್ಟರೆ ನಡೆಯುತ್ತಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಆ ಮೆಟ್ಟಿಲಿನ ಪಟ್ಟಿಯನ್ನು ಸೀಳಿ ತೆಗೆದುಬಿಡಲಾ ಅನ್ನೋದನ್ನೂ.