ಮಕ್ಕಳ ಡಾಕ್ಟ್ರ ಜತೆ ಪ್ರಶ್ನೋತ್ತರ: ಕಷ್ಟದ ಮನೆ, ಪುಟ್ಟ ಮಗುವಿನ ಮೆದುಳು

ಅಂಗನವಾಡಿ ಟೀಚರ್, ಸಿದ್ದಾಪುರ: ನಮಸ್ತೆ ಡಾಕ್ಟ್ರೇ. ನಮ್ಮ ಹತ್ತಿರದ ಲೈನ್ ಮನೇಲಿ (ತೋಟದ ಕೂಲಿಯವರ ಸಾಲು ಮನೆ) 14 ತಿಂಗಳ ಮಗು ಇದೆ. ಅಪ್ಪ ಕುಡಿದು ಬಂದು ರಾತ್ರಿಯೆಲ್ಲ ಗಲಾಟೆ. ಅಮ್ಮ ಕಾಫಿ ಕುಯ್ಯೋಕೆ ಹೋದ್ರೆ 7 ವರ್ಷದ ಅಕ್ಕನೇ ನೋಡ್ಕೋಬೇಕು, ಮಗು ಇಡೀ ದಿನ ಜೋಲಿಯಲ್ಲೇ. ಅಳೋದೇ ಇಲ್ಲ. ಎಲ್ರೂ ‘ಎಷ್ಟು ಒಳ್ಳೆ ಮಗು’ ಅಂತಾರೆ, ನಂಗೆ ಸಮಾಧಾನ ಇಲ್ಲ.

ಡಾಕ್ಟರ್: ಟೀಚರ್, ನಿಮ್ಮ ಅನುಮಾನ ಸರಿ. ಹಸಿದರೂ ಅಳದ ಮಗು ಎಂದರೆ ನನಗೆ ಭಯ. ಅತ್ತರೂ ಯಾರೂ ಬರಲ್ಲ ಅಂತ ಗೊತ್ತಾದ ಮಗು ಅಳೋದನ್ನೇ ಬಿಟ್ಟುಬಿಡುತ್ತೆ. ರೊಮೇನಿಯಾದ ಅನಾಥಾಲಯಗಳಲ್ಲಿ ಇದನ್ನೇ ಕಂಡರು. ಅಲ್ಲಿನ ರಾಜಧಾನಿ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಅಧ್ಯಯನದಲ್ಲಿ, ಎರಡು ವರ್ಷದೊಳಗೆ ಸಾಕುಮನೆ ಸೇರಿದ ಮಕ್ಕಳು ತಡವಾಗಿ ಸೇರಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಈ ಮಗುವಿಗಂತೂ ಅಮ್ಮ ಇದ್ದಾಳೆ, ಕಾಲವೂ ಮೀರಿಲ್ಲ.
ದಿನವೂ ಹೆದರಿದರೆ ಕಾರ್ಟಿಸೋಲ್ ಅನ್ನೋ ಒತ್ತಡದ ಹಾರ್ಮೋನ್ ಮೈಯಲ್ಲಿ ಇಳಿಯೋದೇ ಇಲ್ಲ, ಬೆಳೆಯುವ ಮೆದುಳಿಗೆ ಅದು ಪೆಟ್ಟು. ಎತ್ತಿಕೊಂಡು ಸಮಾಧಾನ ಮಾಡುವ ಒಂದು ಜೀವ ಇದ್ದರೆ ಇಳಿಯುತ್ತೆ. ಅಮ್ಮನನ್ನು ಬೈಯಬೇಡಿ, ಅವಳೂ ಸೋತಿರುತ್ತಾಳೆ. ಸಂಜೆ ಮೀಯಿಸುವಾಗ, ಉಣಿಸುವಾಗ ಅವಳದೇ ಭಾಷೆಯಲ್ಲಿ ಮಾತಾಡಲಿ. ಅರೆಭಾಷೆ, ಯರವ, ಮಲಯಾಳ, ಯಾವುದಾದರೂ ಸರಿ. ಮಗು ಒಂದು ಸದ್ದು ಮಾಡಿದರೆ ಅವಳು ಇನ್ನೊಂದು ಮಾಡಲಿ. ಹೆಸರು ಕರೆದರೆ ತಿರುಗುತ್ತಾ, ನೋಡಿ ಹೇಳಿ. ಕಿವಿ ಪರೀಕ್ಷೆ, ರಕ್ತಹೀನತೆ ಪರೀಕ್ಷೆ ಎರಡೂ ಆಗಬೇಕು. ಹೊಡೆತ ಇದ್ದರೆ ಮಹಿಳಾ ಸಹಾಯವಾಣಿ 181, ಮಗುವಿಗೆ ಅಪಾಯ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098.

ಗೋಣಿಕೊಪ್ಪದ ಸದಸ್ಯ: ಫಾರ್ವರ್ಡ್ ಬಂದಿದೆ: ಹುಟ್ಟಿದ ಮಗುವಿಗೆ ಬಜೆ ಜೇನಲ್ಲಿ ತೇಯ್ದು 21 ದಿನ ನೆಕ್ಕಿಸಿದ್ರೆ ಬುದ್ಧಿ ಚುರುಕು. ನಿಜವಾ?

ಡಾಕ್ಟರ್: ಬೇಡ. ವರ್ಷ ತುಂಬುವ ಮೊದಲು ಜೇನು ಕೊಟ್ಟರೆ ಬೊಟುಲಿಸಂ ಅನ್ನೋ ವಿಷಬಾಧೆ ಬರಬಹುದು, ಉಸಿರೇ ನಿಲ್ಲಬಹುದು. ನಮ್ಮ ಕಾಡುಜೇನೂ ಅಷ್ಟೇ. ಬಜೆಯೂ ಬೇಡ. ಫಾರ್ವರ್ಡ್ ಇಲ್ಲಿಗೇ ನಿಲ್ಲಿಸಿ.

ನಾಪೋಕ್ಲು: 11 ತಿಂಗಳು. ಮೊಬೈಲ್ ಕೊಡದಿದ್ರೆ ಉಣ್ಣಲ್ಲ.

ಡಾಕ್ಟರ್: ಎರಡು ವರ್ಷದವರೆಗೆ ಬೇಡ.

ಮಕ್ಕಂದೂರು: ಸರ್, 2018ರ ಗುಡ್ಡ ಕುಸಿತದಾಗ ನಾನು ಬಸುರಿ. ಮಗಳು ಈಗಲೂ ಮಳೆ ಜೋರಾದ್ರೆ ಮಂಚದಡಿ ಸೇರ್ತಾಳೆ. ಹೊಟ್ಟೇಲಿದ್ದಾಗಲೇ ಏನಾದ್ರೂ ಆಗಿರುತ್ತಾ?

ಪಾಲಿಬೆಟ್ಟ, ತೋಟದ ಮಾಲೀಕ: ಟೀಚರಮ್ಮ, ಲೈನ್ ಮನೆ ಅಂದ್ರೆ ಕುಡುಕರು ಅಂತ ಬರೀಬೇಡಿ. ಬಂಗಲೆಯಲ್ಲಿ ಕುಡಿಯೋರಿಲ್ವಾ?

ಅಮ್ಮತ್ತಿ: ಅಣ್ಣ, ಅದು ಬಿಡಿ. ನಿಮ್ಮ ತೋಟದಲ್ಲಿ ಕೂಸು ನೋಡ್ಕೊಳ್ಳೋಕೆ ಕೋಣೆ ಇದ್ಯಾ? 50 ಹೆಂಗಸರು ದುಡಿಯೋ ಕಡೆ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು.

ಪಾಲಿಬೆಟ್ಟ: ನಮ್ದು 12 ಎಕರೆ! ಹನ್ನೊಂದು ಜನ ಕೆಲಸಕ್ಕೆ ಬರ್ತಾರೆ. ಆನೆ ನುಗ್ಗಿ ಬೆಳೆ ಹೋಯ್ತು, ನಮ್ಮ ಕಷ್ಟ ಕೇಳೋರ್ಯಾರು?

ಅಮ್ಮತ್ತಿ: ಒಂದು ಅಜ್ಜೀನ ಕೂಲಿ ಕೊಟ್ಟು ಕೂರಿಸಿದ್ರೆ ಸಾಕಿತ್ತು. ಕೂಸಿಗಿಂತ ಕಾಫಿ ಹೆಚ್ಚಾಯ್ತು ನಿಮಗೆ.

ಪಾಲಿಬೆಟ್ಟ: ಮರ್ಯಾದೆ ಕೊಟ್ಟು ಮಾತಾಡಿ.

ಕುಶಾಲನಗರ: ಬಜೆ ವರ್ಷ ಆದ್ಮೇಲೆ ಕೊಡಬಹುದಾ?

ಡಾಕ್ಟರ್: ಮೇಲೆ ಹೇಳಿದ್ದೇನೆ. ಓದಿ.

ಗೋಣಿಕೊಪ್ಪ: ನಮ್ಮಜ್ಜಿ ಎಂಟು ಮಕ್ಕಳಿಗೂ ಕೊಟ್ಟಿದ್ರು ಸರ್.

ಡಾಕ್ಟರ್: ಇನ್ನೊಂದು ಸಲ ಹಾಕಿದರೆ ಅಳಿಸುತ್ತೇನೆ. ತೋಟದ ಜಗಳ ಬೇರೆ ಕಡೆ ಮಾಡಿಕೊಳ್ಳಿ. ಟೀಚರ್, ಮಗುವನ್ನು ನೋಡಿದಿರಾ?

ಅಂಗನವಾಡಿ ಟೀಚರ್: ಈಗಷ್ಟೇ ಹೋಗಿ ಬಂದೆ. ಮೂರು ಸಲ ಹೆಸರು ಕರೆದೆ, ತಿರುಗಲಿಲ್ಲ. ಅಪ್ಪ ಬಾಗಿಲು ತಳ್ಳಿದ ಸದ್ದಿಗೆ ಮಾತ್ರ ಬೆಚ್ಚಿ ಅಕ್ಕನ ಲಂಗ ಹಿಡ್ಕೊಳ್ತು.

ಡಾಕ್ಟರ್: ಅಕ್ಕನನ್ನು ಹಿಡಿದುಕೊಂಡಿತಲ್ಲ, ಅದು ಒಳ್ಳೇದು. ನಾಳೆ ಬೆಳಿಗ್ಗೆಯೇ ಕರೆತನ್ನಿ. ಅಮ್ಮನ ಒಂದು ದಿನದ ಕೂಲಿ ನಾನು ಕೊಡುತ್ತೇನೆ. ಅಕ್ಕನೂ ಬರಲಿ.